ಓದುಗರ ಪ್ರಶ್ನೆ: ಈ ಹುಳಕ್ಕೆ ಎಲೆ ಹಾಕಿ ಬಡಿಸ್ತಿರೋರು ಯಾರು?

ಹೋದ ತಿಂಗಳು ಇದೇ ಅಂಕಣದಲ್ಲಿ ಟೊಮ್ಯಾಟೊ ಬೇರಲ್ಲಿ ಗಂಟು ಬಂದಿದೆ ಅಂತ ಕೇಳಿದ್ದೋರಿಗೆ "ಅದು ನೆಮಟೋಡು (ಬೇರಿಗೆ ನುಗ್ಗೋ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳ), ಬೆಳೆ ಬದಲಿಸಿ" ಅಂತ ಒಂದೇ ಸಾಲು ಬರೆದು ಕೈ ತೊಳ್ಕೊಂಡಿದ್ದೆ. ತಪ್ಪಾಯ್ತು. ಯಾವ ಬೆಳೆಗೆ ಅಂತ ಹೇಳ್ದೇ ಬೆಳೆ ಬದಲಿಸಿ ಅನ್ನೋದು, ಬಸ್‌ಸ್ಟ್ಯಾಂಡಲ್ಲಿ ದಾರಿ ಕೇಳಿದೋರಿಗೆ "ಹಂಗೇ ಮುಂದೆ ಹೋಗಿ" ಅಂದಂಗೆ. ಕಾಗದದಲ್ಲಿ, ವಾಟ್ಸಾಪಲ್ಲಿ, ಫೋನಲ್ಲಿ ಎಲ್ಲಾ ಕಡೆ ಬೈಸ್ಕೊಂಡೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಸಾರ್, ನಾನು ಬೆಳೆ ಬದಲಿಸ್ತಾನೇ ಇದೀನಿ. ಮೊದ್ಲು ಟೊಮ್ಯಾಟೊ, ಆಮೇಲೆ ಕ್ಯಾಪ್ಸಿಕಂ, ಆಮೇಲೆ ಸೌತೆ, ಮತ್ತೆ ಟೊಮ್ಯಾಟೊ. ವರ್ಷ ವರ್ಷ ಗಂಟು ಜಾಸ್ತಿನೇ ಆಗ್ತಿದೆ, ಈ ಸಲ ಅಂತೂ ಬೇರು ಅರಿಶಿನದ ಕೊಂಬಿನ ಥರ ಆಗೋಗಿತ್ತು. ಬೆಳೆ ಬದಲಿಸಿದ್ರೆ ಹುಳ ಕಮ್ಮಿ ಆಗ್ಬೇಕಲ್ವಾ?
(ಶ್ರೀನಿವಾಸಪುರ ಕಡೆಯ ಒಬ್ಬ ರೈತರು)

ಉತ್ತರ: ಅಣ್ಣಾ, ನೀವು ಬದಲಿಸಿರೋದು ಮಾರ್ಕೆಟ್ಟಿಗೆ ಹೋಗೋ ಮಾಲು ಮಾತ್ರ, ಹುಳದ ಊಟ ಅದೇ ಇದೆ. ಟೊಮ್ಯಾಟೊ ಅನ್ನ ಆದ್ರೆ ಕ್ಯಾಪ್ಸಿಕಂ ಚಿತ್ರಾನ್ನ, ಸೌತೆ ಮೊಸರನ್ನ. ಮೂರೂ ಅದಕ್ಕೆ ಇಷ್ಟಾನೇ.

ಈ ಹುಳ ಬದುಕೋ ರೀತಿ ಗೊತ್ತಾದ್ರೆ ಅರ್ಥ ಆಗುತ್ತೆ. ಮೊಟ್ಟೆಯಿಂದ ಹೊರಗೆ ಬರೋ ಮರಿ ಅರ್ಧ ಮಿಲಿಮೀಟರೂ ಇರಲ್ಲ, ಕಣ್ಣಿಗೆ ಕಾಣಲ್ಲ. ಮಣ್ಣಿನ ಕಣಗಳ ಮಧ್ಯೆ ಇರೋ ನೀರಿನ ಪೊರೆಯಲ್ಲಿ ತೆವಳ್ಕೊಂಡು ಎಳೇ ಬೇರಿನ ತುದಿ ಹುಡುಕ್ತಾ ಹೋಗುತ್ತೆ, ಹೊಟ್ಟೇಲಿ ಹುಟ್ತಾನೇ ತಂದಿರೋ ಕೊಬ್ಬು ಮುಗಿಯೋದ್ರೊಳಗೆ ಬೇರು ಸಿಕ್ಲಿಲ್ಲ ಅಂದ್ರೆ ಕಥೆ ಮುಗೀತು. ಸಿಕ್ರೆ ಮಾತ್ರ ಒಳಗೆ ನುಗ್ಗಿ, ನೀರು ಆಹಾರ ಹರಿಯೋ ನಾಳದ ಪಕ್ಕ ತಲೆ ಇಟ್ಟು, ಅಲ್ಲಿರೋ ಐದಾರು ಜೀವಕೋಶಕ್ಕೆ ಎಂಜಲು ಚುಚ್ಚುತ್ತೆ, ಆ ಕೋಶಗಳು ಒಂದೊಂದೂ ಹತ್ತಾರು ಪಟ್ಟು ಊದ್ಕೊಂಡು ಗಿಡದ ಊಟಾನೆಲ್ಲ ಎಳ್ದು ಇದರ ಬಾಯಿಗೆ ಇಡೋ ಅಡುಗೆಮನೆ ಆಗ್ಬಿಡ್ತವೆ. ಆಮೇಲೆ ಹೆಣ್ಣು ಅಲ್ಲಿಂದ ಅಲ್ಲಾಡಲ್ಲ. ಅಲ್ಲೇ ಉಂಡು ಬೇರಿಕಾಯಿ ಥರ ದಪ್ಪ ಆಗಿ, ಲೋಳೆ ಚೀಲದಲ್ಲಿ 200ರಿಂದ 500 ಮೊಟ್ಟೆ ಇಟ್ಟು ಸಾಯುತ್ತೆ. ನಮ್ಮ ಕಡೆ ಬೆಚ್ಚಗಿರೋ ಮಣ್ಣಲ್ಲಿ ಇಷ್ಟೆಲ್ಲ ಆಗಕ್ಕೆ 25ರಿಂದ 30 ದಿನ ಸಾಕು.

ಈಗ ಲೆಕ್ಕ ಹಾಕಿ. ಒಂದು ಹೆಣ್ಣು 300 ಮೊಟ್ಟೆ ಇಡ್ತು, ಅದ್ರಲ್ಲಿ 290 ಹಾಳಾಗೋಯ್ತು ಅಂತಾನೇ ಇಟ್ಕೊಳ್ಳಿ. ಉಳಿದಿದ್ದು 10. ಮುಂದಿನ ತಿಂಗಳು 100, ಅದರ ಮುಂದೆ 1000, ನೀವು ಕೊನೇ ಕ್ರೇಟ್ ಟೊಮ್ಯಾಟೊ ಕೀಳೋ ಹೊತ್ತಿಗೆ 10,000. ಅದರ ಮೇಲೆ ಸೌತೆ ಹಾಕಿದ್ರಿ. ಅಂದ್ರೆ ಹುಳ ಎಷ್ಟು ಬೆಳೆಯುತ್ತೆ ಅನ್ನೋದನ್ನ ತೀರ್ಮಾನ ಮಾಡೋದು ಹುಳ ಅಲ್ಲ, ನೀವು ಅದರ ಮುಂದೆ ಇಟ್ಟ ಗಿಡ.

ಹಾಗಾದ್ರೆ ಏನ್ ಹಾಕೋದು? ನಿಮ್ಮ ಕಡೆ ತರಕಾರಿಯಲ್ಲಿ ಜಾಸ್ತಿ ಇರೋದು ಮೆಲೊಯ್ಡೊಗೈನೆ ಇನ್‌ಕಾಗ್ನಿಟಾ ಅನ್ನೋ ಜಾತಿ. ಅದಕ್ಕೆ ಕಡಲೆಕಾಯಿ ಬೇರಲ್ಲಿ ಊಟ ಹುಟ್ಟಲ್ಲ, ಎಳ್ಳು ಅಷ್ಟಕ್ಕಷ್ಟೆ, ಅಪ್ಸೆಣಬು ಹಾಕಿ ಹೂ ಬರೋ ಹೊತ್ತಿಗೆ ಮಣ್ಣಿಗೆ ಸೇರಿಸಿದ್ರೆ ಹುಳಾನೂ ಇಳಿಯುತ್ತೆ ಹಸಿರುಗೊಬ್ಬರಾನೂ ಆಗುತ್ತೆ. ಒಂದು ಫಸಲಿಗೆ ಟೊಮ್ಯಾಟೊ ಬಿಟ್ಟು ಇದ್ರಲ್ಲಿ ಒಂದು ಹಾಕಿ. ದುಡ್ಡು ಕಮ್ಮಿ ಬರುತ್ತೆ, ಗೊತ್ತು.

ಮುಸುಕಿನ ಜೋಳದ ಬಗ್ಗೆ ಮಾತ್ರ ಹುಷಾರು. ತುಂಬಾ ಜನ "ಜೋಳ ಹಾಕಿದ್ದೆ ಸಾರ್, ಒಂದು ಗಂಟೂ ಕಾಣ್ಲಿಲ್ಲ, ಹುಳ ಹೋಯ್ತು" ಅಂತಾರೆ. ಮುಸುಕಿನ ಜೋಳದ ಬೇರಲ್ಲಿ ಇನ್‌ಕಾಗ್ನಿಟಾ ಆರಾಮಾಗಿ ಮರಿ ಮಾಡುತ್ತೆ, ಆದ್ರೆ ಗಂಟು ಕಣ್ಣಿಗೆ ಬೀಳದಷ್ಟು ಸಣ್ಣ ಇರುತ್ತೆ. ಗಂಟು ಅನ್ನೋದು ಗಿಡ ಪಡೋ ನೋವಿನ ಗುರುತು, ಹುಳದ ಲೆಕ್ಕ ಅಲ್ಲ. ಇದೊಂದನ್ನ ನೆನಪಿಟ್ಕೊಂಡ್ರೆ ಮುಂದಿನ ಎಷ್ಟೋ ಪ್ರಶ್ನೆಗೆ ಉತ್ತರ ಸಿಗುತ್ತೆ.

ಪ್ರಶ್ನೆ: ಬಿಎಸ್ಸಿ ಅಗ್ರಿ ಎರಡನೇ ವರ್ಷ ಓದ್ತಿದೀನಿ. ಒಂದೇ ಜಾತಿ ನೆಮಟೋಡು ಬೇರೆ ಬೇರೆ ಗಿಡದಲ್ಲಿ ಬೇರೆ ಥರ ಬೆಳೆಯುತ್ತಾ, ಇಲ್ಲ ಸಂಖ್ಯೆ ಮಾತ್ರ ಹೆಚ್ಚು ಕಮ್ಮಿ ಆಗುತ್ತಾ? ಕ್ಲಾಸಲ್ಲಿ ಕೇಳಿದ್ರೆ ಸಿಲಬಸ್‌ನಲ್ಲಿ ಇಲ್ಲ ಅಂದ್ರು.
(ಧಾರವಾಡದಿಂದ ಒಬ್ಬ ವಿದ್ಯಾರ್ಥಿನಿ)

ಉತ್ತರ: ಸಿಲಬಸ್ಸಲ್ಲಿ ಇಲ್ದೇ ಇರೋ ಪ್ರಶ್ನೆ ಕೇಳ್ತಾ ಇರಮ್ಮ, ನನಗೆ ಈ ತಿಂಗಳು ಬಂದಿದ್ರಲ್ಲಿ ಅತಿ ಇಷ್ಟ ಆಗಿದ್ದೇ ಇದು.

ಹೌದು, ಬೆಳವಣಿಗೆಯೇ ಬೇರೆ ಆಗುತ್ತೆ. ಒಳ್ಳೇ ಆಸರೆ ಗಿಡದಲ್ಲಿ, ಅಂದ್ರೆ ಹುಳಕ್ಕೆ ಊಟ ಚೆನ್ನಾಗಿ ಸಿಗೋ ಗಿಡದಲ್ಲಿ, ಆ ಊದಿದ ಕೋಶಗಳು ದೊಡ್ಡದಾಗಿ ಬೆಳೀತವೆ, ಹೆಣ್ಣು ದಪ್ಪ ಆಗುತ್ತೆ, ಬೇಗ ಬಲಿಯುತ್ತೆ, ಮೊಟ್ಟೆ ಚೀಲ ತುಂಬಿರುತ್ತೆ. ಬಡ ಆಸರೆಯಲ್ಲಿ ಅದೇ ತಾಯಿಯ ಇನ್ನೊಂದು ಮರಿ ಹೋಗಿ ಕೂತ್ರೆ, ಕೋಶ ಸರಿಯಾಗಿ ಊದಲ್ಲ, ಹುಳ ಬಲಿಯಕ್ಕೆ ಜಾಸ್ತಿ ದಿನ ಹಿಡಿಯುತ್ತೆ, ಹೆಣ್ಣು ಪೀಚಲಾಗಿರುತ್ತೆ, ಮೊಟ್ಟೆ ಕಮ್ಮಿ. ಕೆಲವು ಗಿಡದ ಬೇರಿಗೆ ಮರಿ ನುಗ್ಗೋದು ಅಷ್ಟೇ ಸಂಖ್ಯೆಯಲ್ಲಿ ನುಗ್ಗುತ್ತೆ, ಆದ್ರೆ ಒಳಗೆ ಹೋದ್ಮೇಲೆ ಬೆಳೆಯಲ್ಲ. ಅದಕ್ಕೇ ಬೇರಲ್ಲಿ ಎಷ್ಟು ಹುಳ ಇದೆ ಅಂತ ಎಣಿಸಿದ್ರೆ ಸಾಲ್ದು, ಎಷ್ಟು ಮೊಟ್ಟೆ ಹೊರಗೆ ಬಂತು ಅಂತ ನೋಡ್ಬೇಕು.

ಇನ್ನೂ ಮಜಾ ಇರೋದು ಗಂಡು ಹೆಣ್ಣಿನ ವಿಷಯದಲ್ಲಿ. ಮರಿ ಬೇರಿಗೆ ನುಗ್ಗುವಾಗ ಗಂಡಾಗ್ಬೇಕಾ ಹೆಣ್ಣಾಗ್ಬೇಕಾ ಅನ್ನೋದು ಪೂರ್ತಿ ನಿಕ್ಕಿ ಆಗಿರಲ್ಲ. ಊಟ ಚೆನ್ನಾಗಿದ್ರೆ ಹೆಚ್ಚು ಕಮ್ಮಿ ಎಲ್ಲವೂ ಹೆಣ್ಣಾಗ್ತವೆ. ಊಟ ಸಾಲ್ದೇ ಹೋದ್ರೆ, ಅಂದ್ರೆ ಗಿಡ ನಿರೋಧಕ ಆಗಿದ್ರೆ, ಇಲ್ಲ ಒಂದೇ ಬೇರಿಗೆ ಲೆಕ್ಕಕ್ಕಿಂತ ಜಾಸ್ತಿ ಮರಿ ಕಿಕ್ಕಿರಿದ್ರೆ, ತುಂಬಾ ಮರಿಗಳು ಗಂಡಾಗ್ತವೆ. ಗಂಡು ದಾರದ ಥರ ಉದ್ದ, ದೊಡ್ಡದಾದ್ಮೇಲೆ ಉಣ್ಣೋದೇ ಇಲ್ಲ, ಬೇರು ಬಿಟ್ಟು ಮಣ್ಣಿಗೆ ಹೊರಟೋಗುತ್ತೆ. ಇನ್‌ಕಾಗ್ನಿಟಾದಲ್ಲಿ ಹೆಣ್ಣಿಗೆ ಮೊಟ್ಟೆ ಇಡಕ್ಕೆ ಗಂಡು ಬೇಕಾಗೇ ಇಲ್ಲ, ಹಾಗಾಗಿ ಒಂದು ಮರಿ ಗಂಡಾಯ್ತು ಅಂದ್ರೆ ನಮ್ಮ ಲೆಕ್ಕದಲ್ಲಿ ಒಂದು ಮೊಟ್ಟೆ ಚೀಲ ಕಮ್ಮಿ ಆಯ್ತು ಅಂತ. ಬರಗಾಲ ಬಂದಾಗ ಮನೇಲಿ ಉಣ್ಣೋ ಬಾಯಿ ಕಮ್ಮಿ ಮಾಡ್ಕೊಳ್ಳೋ ಉಪಾಯ ಇದು, ಹುಳದ್ದು.

ಇನ್ನೊಂದು ಹೇಳ್ಬಿಡ್ತೀನಿ, ಪರೀಕ್ಷೆಗೂ ಬರಬಹುದು. 1970ರ ದಶಕದಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಈ ಹುಳದ ಜಾತಿ ಕಂಡುಹಿಡಿಯಕ್ಕೆ ಗಿಡಗಳನ್ನೇ ಬಳಸಿದ್ರು. ಆರು ಕುಂಡ, ಆರು ಗಿಡ: ಟೊಮ್ಯಾಟೊ, ತಂಬಾಕು, ಹತ್ತಿ, ಕ್ಯಾಪ್ಸಿಕಂ, ಕಲ್ಲಂಗಡಿ, ಕಡಲೆಕಾಯಿ, ಒಂದೊಂದರದ್ದೂ ಗೊತ್ತುಮಾಡಿದ ಒಂದೇ ತಳಿ. ಹುಳ ಯಾವ ಕುಂಡದಲ್ಲಿ ಮರಿ ಮಾಡ್ತು ಯಾವುದ್ರಲ್ಲಿ ಮಾಡ್ಲಿಲ್ಲ ಅಂತ ನೋಡಿ ಇದು ಇಂಥ ಜಾತಿ, ಇಂಥ ರೇಸ್ (ಜಾತಿಯೊಳಗಿನ ಗುಂಪು) ಅಂತ ಹೇಳೋದು. ಟೊಮ್ಯಾಟೊದಲ್ಲಿ ಮುಖ್ಯ ನಾಲ್ಕೂ ಜಾತಿ ಬೆಳೀತವೆ, ಹತ್ತಿಯಲ್ಲಿ ಇನ್‌ಕಾಗ್ನಿಟಾದ 3 ಮತ್ತು 4ನೇ ರೇಸ್ ಮಾತ್ರ. ಕಡಲೆಕಾಯಲ್ಲಿ ಅರೆನೇರಿಯಾ ಅನ್ನೋ ಜಾತಿಯ 1ನೇ ರೇಸು ಮತ್ತೆ ಹ್ಯಾಪ್ಲಾ ಅನ್ನೋ ಜಾತಿ. ಶ್ರೀನಿವಾಸಪುರದೋರು ಇದನ್ನ ಓದ್ತಿದ್ರೆ ಗಮನಿಸಿ, ಕಡಲೆಕಾಯಿ ಇನ್‌ಕಾಗ್ನಿಟಾಗೆ ಮದ್ದು ನಿಜ, ಆದ್ರೆ ಮಣ್ಣಲ್ಲಿ ಅರೆನೇರಿಯಾದ ಆ 1ನೇ ರೇಸ್ ಇದ್ರೆ ಅದಕ್ಕೆ ಹಬ್ಬ. ಮಣ್ಣು ಬೇರು ಎರಡನ್ನೂ ಒಂದ್ಸಲ ಲ್ಯಾಬಿಗೆ ಕೊಟ್ಟು ಜಾತಿ ತಿಳ್ಕೊಳ್ಳಿ ಅಂತ ನಾನು ಪೀಡಿಸೋದು ಅದಕ್ಕೇ. ಈಗ ಡಿಎನ್‌ಎ ನೋಡಿ ಹೇಳ್ತಾರೆ, ಬೇಗ ಆಗುತ್ತೆ, ಆದ್ರೂ ಆ ಆರು ಕುಂಡದ ಐಡಿಯಾ ನನಗೆ ಈಗಲೂ ಇಷ್ಟ.

ಪ್ರಶ್ನೆ: ಚೆಂಡು ಹೂ ಹಾಕಿದ್ರೆ ನೆಮಟೋಡು ಓಡಿಹೋಗುತ್ತೆ ಅಂತ ಯೂಟ್ಯೂಬಲ್ಲಿ ನೋಡಿ ಬದನೆ ತೋಟದ ಸುತ್ತ ಒಂದು ಸಾಲು ಹಾಕಿದ್ವಿ. ಹೂವಿಗೆ ಒಳ್ಳೇ ರೇಟ್ ಸಿಕ್ತು, ಬದನೆ ಮಾತ್ರ ಹಾಳಾಯ್ತು. ಸುಳ್ಳಾ ಇದು?
(ತುಮಕೂರು ಜಿಲ್ಲೆಯಿಂದ ಒಬ್ಬ ಗೃಹಿಣಿ)

ಉತ್ತರ: ಸುಳ್ಳಲ್ಲ ತಾಯಿ, ಅರ್ಧ ನಿಜ. ನಾನೂ ಹಿಂಗೇ ಮೋಸ ಹೋಗಿದೀನಿ. ನಮ್ಮ ಅರ್ಧ ಎಕರೆಯಲ್ಲಿ ಬೇಲಿಗುಂಟ ಚೆಂಡು ಹೂ ನೆಟ್ಟು, ಒಳಗಡೆ ಬೆಂಡೆ ಹಾಕಿ, ಊರಿಗೆಲ್ಲ ಭಾಷಣ ಮಾಡ್ಕೊಂಡು ತಿರುಗಿದ್ದೆ. ಬೆಂಡೆ ಬೇರು ಕಿತ್ತಾಗ ಪಕ್ಕದ ಹೊಲದೋರು ಏನೂ ಮಾತಾಡ್ಲಿಲ್ಲ, ನಕ್ರು ಅಷ್ಟೇ.

ಹುಳ ಓಡಿಹೋಗೋದು ಅಂತ ಏನಿಲ್ಲ, ಸ್ವಂತ ಬಲದಲ್ಲಿ ಅದು ಒಂದು ಫಸಲಲ್ಲಿ ಒಂದು ಮೀಟರ್ ದಾಟಿದ್ರೆ ಹೆಚ್ಚು. ಚೆಂಡು ಹೂವಿನ ಕೆಲಸ ನಡೆಯೋದು ಬೇರಿನ ಒಳಗೆ ಮತ್ತೆ ಬೇರು ಮುಟ್ಟೋ ಮಣ್ಣಲ್ಲಿ. ಮರಿ ನುಗ್ಗುತ್ತೆ, ಆದ್ರೆ ಅಲ್ಲಿ ಆಲ್ಫಾ ಟರ್ಥೈನಿಲ್ ಅನ್ನೋ ರಾಸಾಯನಿಕ ಇದೆ, ಊಟದ ಕೋಶಾನೂ ಸರಿಯಾಗಿ ಹುಟ್ಟಲ್ಲ, ಹುಳ ಬೆಳೀದೇ ಸಾಯುತ್ತೆ. ಒಂಥರಾ ಬೋನು. 1950ರ ದಶಕದಲ್ಲೇ ಹಾಲೆಂಡಿನೋರು ಇದನ್ನ ಪರೀಕ್ಷೆ ಮಾಡಿ ನೋಡಿದ್ರು. ಆದ್ರೆ ಬೋನನ್ನ ಬೇಲಿ ಹತ್ರ ಇಟ್ಟು ಅಡುಗೆಮನೆ ಇಲಿ ಹಿಡೀತೀನಿ ಅಂದ್ರೆ ಹೆಂಗೆ?

ಮಾಡ್ಬೇಕಾಗಿರೋದು ಇಷ್ಟು. ಬದನೆ ಹಾಕೋ ಜಾಗದಲ್ಲೇ, ಬದನೆಗಿಂತ ಮುಂಚೆ, ಪೂರ್ತಿ ಚೆಂಡು ಹೂ, ಒತ್ತಾಗಿ, ಎರಡರಿಂದ ಮೂರು ತಿಂಗಳು. ಜೊತೆಗೆ ಹಾಕಿದ್ರೆ ಲಾಭ ಕಮ್ಮಿ, ಯಾಕಂದ್ರೆ ಹುಳಕ್ಕೆ ಪಕ್ಕದಲ್ಲೇ ಬದನೆ ಬೇರು ಸಿಗುತ್ತಲ್ಲ. ಮತ್ತೆ ಕಳೆ. ಚೆಂಡು ಹೂವಿನ ಮಧ್ಯೆ ಗಣಿಕೆ ಸೊಪ್ಪು, ಗೋಣಿ ಸೊಪ್ಪು, ಮುಳ್ಳು ಹರಿವೆ ಬೆಳೆಯಕ್ಕೆ ಬಿಟ್ರೆ ಹುಳ ಅಲ್ಲೇ ಊಟ ಮಾಡ್ಕೊಂಡು ಕಾಯುತ್ತೆ, ಮೂರೂ ಅದಕ್ಕೆ ಆಗುತ್ತೆ. ನನ್ನ ಭಾಷಣದ ವರ್ಷ ಬೇಲಿಗುಂಟ ಗಣಿಕೆ ಸೊಪ್ಪು ಎಷ್ಟಿತ್ತು ಅಂದ್ರೆ ಮನೇಲಿ ದಿನಾ ಅದೇ ಬಸ್ಸಾರು. ಇನ್ನು ಬದನೆಯೋರಿಗೆ ಇನ್ನೊಂದು ದಾರಿ ಇದೆ, ಸುಂಡೆಕಾಯಿ ಬೇರಿನ ಮೇಲೆ ಕಸಿ ಮಾಡಿದ ಸಸಿ. ಸುಂಡೆ ಬೇರು ಇನ್‌ಕಾಗ್ನಿಟಾಗೆ ಸುಲಭವಾಗಿ ಬಗ್ಗಲ್ಲ. ಸಸಿ ರೇಟ್ ಜಾಸ್ತಿ, ಆದ್ರೆ ಗಿಡ ಬಾಳಿಕೆ ಬರುತ್ತೆ.

ಪ್ರಶ್ನೆ: ಸರ್ರ, ದಾಳಿಂಬ್ರಿ ಹಚ್ಚಿ ಎರಡು ವರ್ಸ ಆತು, ಗಿಡ ಹಳದಿ ಆಗಾಕತ್ತಾವು, ಕಿತ್ತು ನೋಡಿದ್ರ ಬೇರ ತುಂಬ ಗಂಟು. ಮದ್ಲ ಈ ಹೊಲದಾಗ ಜ್ವಾಳ ಕಡ್ಲಿ ಬೆಳೀತಿದ್ವಿ, ಅವಾಗ ಏನೂ ಇದ್ದಿಲ್ಲ. ಹುಳ ಎಲ್ಲಿಂದ ಬಂತು? ಒಬ್ರು ಫೋರೇಟ್ ಕೀಟನಾಶಕ ಹಾಕ್ರಿ ಅಂತಾರ.
(ಬಾಗಲಕೋಟಿ ಕಡೆಯ ಒಬ್ಬ ಬೆಳೆಗಾರರು)

ಉತ್ತರ: ಯಜಮಾನ್ರ, ಹುಳ ಬಹುಶಃ ನೀವೇ ಗಾಡಿ ಬಾಡಿಗೆ ಕೊಟ್ಟು ತಂದೀರಿ. ಸಸಿ ಪಾಕೀಟಿನ ಮಣ್ಣಲ್ಲಿ ಅದು ಬರುತ್ತೆ. ಸಸಿ ತಗೊಳ್ಳುವಾಗ ಎಲೆ ನೋಡ್ತೀವಿ, ಎತ್ತರ ನೋಡ್ತೀವಿ, ಒಂದು ಪಾಕೀಟು ಹರಿದು ಬೇರು ತೊಳೆದು ನೋಡೋದು ಮಾತ್ರ ಮಾಡಲ್ಲ. ಮುಂದಿನ ಸಲ ಲಾಟಿಗೆ ಐದಾರು ಸಸಿ ಹಂಗೇ ನೋಡ್ರಿ, ನರ್ಸರಿಯವ್ರು ಬ್ಯಾಡ ಅಂದ್ರೆ ಅಲ್ಲಿ ಸಸಿನೂ ಬ್ಯಾಡ. ಸೀಬೆ ಹಾಕೋರಿಗೂ ಇದೇ ಮಾತು, ಎಂಟೆರೊಲೋಬಿ ಅನ್ನೋ ಇನ್ನೊಂದು ಜಾತಿ ತಮಿಳುನಾಡಿನ ಸೀಬೆ ತೋಟಗಳಲ್ಲಿ ಕಾಣಿಸ್ಕೊಂಡಿದೆ, ಅದು ಇನ್ನೂ ಹಟಮಾರಿ.

ದಾಳಿಂಬೆಯಲ್ಲಿ ತೊಂದ್ರೆ ಏನಂದ್ರೆ ಅದು ವರ್ಷಗಟ್ಟಲೆ ನಿಲ್ಲೋ ಗಿಡ. ಟೊಮ್ಯಾಟೊ ಆದ್ರೆ ನಾಲ್ಕು ತಿಂಗಳಿಗೆ ಕಿತ್ತು ಹುಳಾನ ಉಪವಾಸ ಕೆಡವಬಹುದು, ಇಲ್ಲಿ ಡ್ರಿಪ್ ಕೆಳಗೆ ವರ್ಷಪೂರ್ತಿ ತೇವ, ವರ್ಷಪೂರ್ತಿ ಎಳೇ ಬೇರು. ಕೀಳಕ್ಕಾಗಲ್ಲ. ಹಾಗಾಗಿ ಗಿಡದ ಸುತ್ತ ಇರೋದನ್ನ ನೋಡ್ಬೇಕು: ಸಾಲುಗಳ ಮಧ್ಯೆ ಖರ್ಚಿಗೆ ಆಗ್ಲಿ ಅಂತ ಬದನೆ, ಟೊಮ್ಯಾಟೊ, ಕಲ್ಲಂಗಡಿ ಹಾಕೋದು ನಿಲ್ಲಿಸಿ, ಆ ಜಾಗಕ್ಕೆ ಚೆಂಡು ಹೂ ಅಥವಾ ಅಪ್ಸೆಣಬು ಬರ್ಲಿ, ಡ್ರಿಪ್ಪಿನ ಹತ್ರ ಅಗಲ ಎಲೆ ಕಳೆ ನಿಲ್ಲದಂಗೆ ನೋಡ್ಕೊಳ್ಳಿ. ಬೇವಿನ ಹಿಂಡಿ, ಕೊಟ್ಟಿಗೆ ಗೊಬ್ಬರದಲ್ಲಿ ಪೊಕೊನಿಯಾ, ಪರ್ಪ್ಯುರಿಯೊಸಿಲಿಯಂ ಅನ್ನೋ ಶಿಲೀಂಧ್ರ ಬೆಳೆಸಿ ಹಾಕೋದನ್ನ ರೂಢಿ ಮಾಡ್ಕೊಳ್ಳಿ, ಇವು ಮೊಟ್ಟೆ ತಿನ್ನೋ ಶಿಲೀಂಧ್ರ. ಇಲ್ಲೂ ಗಿಡದ ಪಾತ್ರ ಇದೆ ನೋಡಿ, ಗಂಟು ದೊಡ್ಡದಾಗಿ ಮೊಟ್ಟೆ ಚೀಲ ಗಂಟಿನ ಒಳಗೇ ಹುದುಗಿಹೋದ್ರೆ ಪೊಕೊನಿಯಾಗೆ ಅದು ಎಟುಕಲ್ಲ, ಗಂಟು ಸಣ್ಣ ಇದ್ದು ಚೀಲ ಹೊರಗೆ ಇದ್ರೆ ಚೆನ್ನಾಗಿ ಹಿಡಿಯುತ್ತೆ. ಅದಕ್ಕೇ ಗಂಟು ಬಲಿಯೋ ಮೊದ್ಲೇ ಶುರು ಮಾಡ್ಬೇಕು.

ಫೋರೇಟು 2020ರ ಕೊನೆಗೇ ನಮ್ಮ ದೇಶದಲ್ಲಿ ಬ್ಯಾನ್ ಆಗಿದೆ. ಯಾರಾದ್ರೂ ಹಾಕ್ರಿ ಅಂದ್ರೆ, ಆ ಅಂಗಡಿ ಮೆಟ್ಟಿಲು ಇಳಿದು ಬನ್ನಿ.

ಪ್ರಶ್ನೆ: ಅಡಿಕೆ ತೋಟದಲ್ಲಿ ಮೆಣಸಿನ ಬಳ್ಳಿ ಮಳೆಗಾಲ ಮುಗಿದ ಮೇಲೆ ಹಳದಿಯಾಗಿ ಎಲೆ ಉದುರಿಸುತ್ತದೆ, ಮಳೆ ಬಂದಾಗ ಸ್ವಲ್ಪ ಚೇತರಿಸಿಕೊಳ್ಳುತ್ತದೆ, ಮತ್ತೆ ಅದೇ ಕಥೆ. ಬೇರಲ್ಲಿ ಗಂಟು ಅಷ್ಟಾಗಿ ಇಲ್ಲ. ನೆಮಟೋಡು ಹೌದೋ ಅಲ್ಲವೋ?
(ಶಿರಸಿ ಕಡೆಯಿಂದ ಒಬ್ಬ ತೋಟಿಗರು)

ಉತ್ತರ: ನೀವು ಬರೆದಿಲ್ಲ ಮಾರಾಯ್ರೆ, ಆದ್ರೂ ಕೇಳ್ತೀನಿ: ಮಧ್ಯೆ ಬಾಳೆ ಇದೆ ತಾನೆ?

ಇದ್ದೇ ಇರುತ್ತೆ. ಗಂಟು ಕಟ್ಟದ ಇನ್ನೊಂದು ನೆಮಟೋಡು ಇದೆ, ರಾಡೊಫೋಲಸ್ ಸಿಮಿಲಿಸ್, ಬೇರು ಕೊರೆಯೋದು. ಇದು ಒಂದು ಕಡೆ ಕೂರೋ ಜಾತಿ ಅಲ್ಲ, ಬೇರಿನ ತಿರುಳಲ್ಲಿ ಸುರಂಗ ತೋಡ್ಕೊಂಡು ತಿರುಗುತ್ತೆ, ಹಿಂದೆ ಕಂದು ಕಪ್ಪು ಕೊಳೆ ಬಿಟ್ಟು ಹೋಗುತ್ತೆ. ಇದಕ್ಕೆ ಬಾಳೆ ಅಂದ್ರೆ ಪಂಚಪ್ರಾಣ. ಮೆಣಸು, ಅಡಿಕೆ, ತೆಂಗು, ವೀಳ್ಯದೆಲೆ, ಶುಂಠಿ, ಅರಿಶಿನಾನೂ ಆಗುತ್ತೆ. ಈಗ ನಿಮ್ಮ ತೋಟ ಕಣ್ಮುಂದೆ ತಂದ್ಕೊಳ್ಳಿ. ಮೇಲೆ ಅಡಿಕೆ, ಅದಕ್ಕೆ ಹಬ್ಬಿರೋ ಮೆಣಸು, ನಡುವೆ ಬಾಳೆ, ಅಂಚಲ್ಲಿ ಶುಂಠಿ. ನಮ್ಮ ಕಣ್ಣಿಗೆ ಅಜ್ಜನ ಕಾಲದ ಚಂದದ ಮಿಶ್ರ ಬೆಳೆ, ಆ ಹುಳದ ಕಣ್ಣಿಗೆ ಮದುವೆಮನೆ ಪಂಕ್ತಿ. ಬಾಳೆ ಕಂದು ಕಿತ್ತು ಇನ್ನೊಂದು ಕಡೆ ನೆಡ್ತೀವಿ, ಹುಳಾನೂ ಜೊತೆಗೆ ನೆಟ್ಟಂಗೆ. ಇಂಡೊನೇಷ್ಯಾದ ಬಾಂಕಾ ದ್ವೀಪದಲ್ಲಿ ಲಕ್ಷಗಟ್ಟಲೆ ಮೆಣಸಿನ ಬಳ್ಳಿ ಹಳದಿಯಾಗಿ ಸಾಯಕ್ಕೆ ಕಾರಣ ಆಗಿದ್ದೂ ಇದೇ ಹುಳ.

ಮಳೆಗಾಲ ಮುಗಿದ್ಮೇಲೆ ಹಳದಿ ಆಗೋದು ಯಾಕೆ ಅಂದ್ರೆ, ಮಳೆಯಲ್ಲಿ ಹೊಸ ಬೇರು ಬರೋದೂ ಹುಳ ಅದನ್ನ ತಿನ್ನೋದೂ ಸಮ ಸಮ ನಡೆಯುತ್ತೆ, ತೇವ ಇಳಿದ್ಮೇಲೆ ಇರೋ ಅರ್ಧ ಬೇರು ಬಳ್ಳಿಗೆ ಸಾಲಲ್ಲ. ಇದ್ರಲ್ಲಿ ಬೇರು ಕೊಳೆಸೋ ಫೈಟೋಫ್ತೊರಾನೂ ಸೇರ್ಕೊಳ್ಳುತ್ತೆ, ಎರಡೂ ಸೇರಿದ್ರೆ ಬಳ್ಳಿ ಬೇಗ ಸೋಲುತ್ತೆ. ಬಾಳೆ ಬಿಟ್ಟೇಬಿಡಿ ಅಂತ ನಾನು ಹೇಳಲ್ಲ, ಹೇಳಿದ್ರೂ ನೀವು ಕೇಳಲ್ಲ. ಮೆಣಸಿನ ಬುಡಕ್ಕೆ ಹತ್ತಿರ ಬೇಡ. ಹೊಸ ಕಂದು ನೆಡುವಾಗ ಗೆಡ್ಡೆಯ ಕಪ್ಪಾದ ಭಾಗ ಎಲ್ಲ ಬಿಳಿ ಬರೋ ತನಕ ಕೆತ್ತಿ, ಆಮೇಲೆ 52ರಿಂದ 55 ಡಿಗ್ರಿ ಬಿಸಿನೀರಲ್ಲಿ ಸುಮಾರು 20 ನಿಮಿಷ ಅದ್ದಿ. ಥರ್ಮಾಮೀಟರ್ ಬೇಕು, ಕೈ ಹಾಕಿ ನೋಡೋ ಲೆಕ್ಕ ಬೇಡ, ಬೆಂದುಹೋಗುತ್ತೆ. ಪೌರ್ಣಮಿ ಅನ್ನೋ ಮೆಣಸಿನ ತಳಿ ನೆಮಟೋಡು ತಡ್ಕೊಳ್ಳುತ್ತೆ ಅಂತ ಕೇಳಿರ್ತೀರಿ. ಅದು ಗಂಟು ಹುಳಕ್ಕೆ. ಕೊರೆಯೋ ಹುಳಾನೂ ತಡ್ಕೊಳ್ಳುತ್ತೆ ಅನ್ನೋ ನಂಬಿಕೆ ಮೇಲೆ ಅದನ್ನ ತರಬೇಡಿ.

ಪ್ರಶ್ನೆ: ಶೇಡ್‌ನೆಟ್ಟಲ್ಲಿ ನೆಮಟೋಡು ನಿರೋಧಕ ಅಂತ ಪ್ಯಾಕೆಟ್ ಮೇಲೆ ಬರೆದಿರೋ ಟೊಮ್ಯಾಟೊ ಹಾಕಿದ್ದೆ. ಚಳಿಗಾಲದ ಬೆಳೆ ಸೂಪರ್, ಏಪ್ರಿಲ್ ಬೆಳೆಯಲ್ಲಿ ಗಂಟೋ ಗಂಟು. ಬೀಜ ನಕಲಿನಾ?
(ದೊಡ್ಡಬಳ್ಳಾಪುರದಿಂದ)

ಉತ್ತರ: ಬೀಜದ ಮೇಲೆ ಅನುಮಾನ ಪಡೋ ಮುಂಚೆ ಮಣ್ಣಿಗೆ ಒಂದು ಥರ್ಮಾಮೀಟರ್ ಚುಚ್ಚಿ. ಟೊಮ್ಯಾಟೊದಲ್ಲಿ ಈ ನಿರೋಧಕ ಶಕ್ತಿ ಬರೋದು ಮಿ ಅನ್ನೋ ಜೀನ್‌ನಿಂದ, 1940ರ ದಶಕದಲ್ಲಿ ಪೆರು ಕಡೆಯ ಕಾಡು ಟೊಮ್ಯಾಟೊದಿಂದ ತಂದಿದ್ದು. ಹುಳ ಬಾಯಿ ಹಾಕಿದ ಜಾಗದ ಕೋಶಗಳನ್ನ ಗಿಡ ತಾನೇ ಸಾಯಿಸ್ಕೊಳ್ಳುತ್ತೆ, ಹುಳಕ್ಕೆ ಅಡುಗೆಮನೆ ಕಟ್ಟಕ್ಕೆ ಜಾಗಾನೇ ಇರಲ್ಲ. ಆದ್ರೆ ಮಣ್ಣಿನ ಬಿಸಿ 28 ಡಿಗ್ರಿ ದಾಟಿದ್ರೆ ಆ ಜೀನ್ ಮಲಗ್ಬಿಡುತ್ತೆ. ಏಪ್ರಿಲಲ್ಲಿ, ಅದೂ ಕಪ್ಪು ಮಲ್ಚಿಂಗ್ ಶೀಟ್ ಕೆಳಗೆ, 28 ಯಾವ ಲೆಕ್ಕ? ಅದೇ ಗಿಡ ಡಿಸೆಂಬರಲ್ಲಿ ಬಾಗಿಲು ಹಾಕುತ್ತೆ, ಏಪ್ರಿಲಲ್ಲಿ ಬಾ ಅಂತ ಕರೆದು ಮಣೆ ಹಾಕುತ್ತೆ. ಈ ತಳಿ ಚಳಿಗಾಲಕ್ಕೆ ಇಟ್ಕೊಳ್ಳಿ, ಬೇಸಿಗೆಯಲ್ಲಿ ನೆಲ ಖಾಲಿ ಬಿಟ್ಟು, ನೀರು ಹಾಯಿಸಿ, ಪಾರದರ್ಶಕ ಶೀಟ್ ಹೊದಿಸಿ ನಾಲ್ಕರಿಂದ ಆರು ವಾರ ಬಿಸಿಲಿಗೆ ಬೇಯಿಸಿ. ಮತ್ತೆ ಇದೇ ನಿರೋಧಕ ತಳಿ ಬಿಡದೇ ಹಾಕ್ತಾ ಹೋದ್ರೆ ಅದನ್ನೂ ಮೀರೋ ಹುಳ ಮಣ್ಣಲ್ಲಿ ಹೆಚ್ಚಾಗುತ್ತೆ, ಎರಡು ಬೆಳೆ ಆದ್ಮೇಲೆ ಒಂದು ಸಲ ಬೇರೆ ಏನಾದ್ರೂ ಇರ್ಲಿ.

ಪ್ರಶ್ನೆ: ಟೆರೇಸ್ ಮೇಲೆ ಕುಂಡದಲ್ಲಿ ಬೀನ್ಸ್ ಹಾಕಿದ್ದೆ. ನಿಮ್ಮ ಅಂಕಣ ಓದಿ ಹೆದರಿ ಒಂದು ಗಿಡ ಕಿತ್ತು ನೋಡಿದ್ರೆ ಬೇರಿನ ತುಂಬಾ ಗುಂಡು ಗುಂಡು ಗಂಟು! ಎಲ್ಲಾ ಗಿಡ ಕಿತ್ತು ಎಸೀಲಾ?
(ಬೆಂಗಳೂರು ಜಯನಗರದಿಂದ)

ಉತ್ತರ: ತಡೀರಿ ಮೇಡಂ, ತಡೀರಿ. ಆ ಗಂಟನ್ನ ಬೆರಳಲ್ಲಿ ಮೆಲ್ಲಗೆ ಉಜ್ಜಿ. ಬೇರಿನ ಪಕ್ಕಕ್ಕೆ ಅಂಟಿಸಿದ ಮಣಿ ಥರ ಇದ್ದು ಸುಲಭವಾಗಿ ಉದುರಿದ್ರೆ, ಉಗುರಲ್ಲಿ ಸೀಳಿದಾಗ ಒಳಗೆ ಗುಲಾಬಿ ಬಣ್ಣ ಇದ್ರೆ, ಅದು ರೈಜೋಬಿಯಂ, ಗಾಳಿಯಿಂದ ಸಾರಜನಕ ಹಿಡಿದು ಗಿಡಕ್ಕೆ ಕೊಡೋ ಒಳ್ಳೇ ಬ್ಯಾಕ್ಟೀರಿಯಾ. ನೆಮಟೋಡಿನ ಗಂಟು ಹಂಗೆ ಉದುರಲ್ಲ, ಬೇರೇ ಊದಿರುತ್ತೆ, ಕೀಳಕ್ಕೆ ಹೋದ್ರೆ ಬೇರು ತುಂಡಾಗುತ್ತೆ. ನೀವು ಕಳ್ಸಿರೋ ಫೋಟೋದಲ್ಲಿ ನೂರಕ್ಕೆ ನೂರು ರೈಜೋಬಿಯಮ್ಮೇ. ಕಿತ್ತಿರೋ ಗಿಡ ಹೋಯ್ತು ಬಿಡಿ, ಅದರಲ್ಲಿರೋ ಬೀನ್ಸ್ ಬಿಡಿಸಿ ಪಲ್ಯ ಮಾಡಿ, ಮಿಕ್ಕಿದ್ದನ್ನ ಮುಟ್ಟಬೇಡಿ.